ಉಪಚುನಾವಣೆ ಗೆದ್ದವರು ಊರು ಗೆದ್ದಂತೆಯೇ?

2016ರ ಫೆಬ್ರುವರಿಯಲ್ಲಿ ನಾನು ಎಂಟನೇ ತರಗತಿ. ನಮ್ಮ ಅರಕೇರಾದ ರಸ್ತೆಯಲ್ಲಿ ಅಷ್ಟೊಂದು ಕಾರುಗಳನ್ನು ಅದಕ್ಕೂ ಮೊದಲು ನೋಡಿರಲಿಲ್ಲ. ಶಾಲೆ ಬಿಟ್ಟ ಮೇಲೆ ಕಾರುಗಳ ನಂಬರ್ ಎಣಿಸುವುದೇ ನಮ್ಮ ಆಟವಾಗಿತ್ತು. ರೈಲು ಅಪಘಾತದಲ್ಲಿ ತೀರಿಕೊಂಡ ಶಾಸಕ ಎ.ವೆಂಕಟೇಶ ನಾಯಕ ಅವರ ದೇವದುರ್ಗ ಕ್ಷೇತ್ರಕ್ಕೆ ಉಪಚುನಾವಣೆ ಬಂದಿತ್ತು. ಕಾಂಗ್ರೆಸ್ ಅವರ ಮಗ ರಾಜಶೇಖರ ನಾಯಕ ಅವರನ್ನು ನಿಲ್ಲಿಸಿತು. ರಾಜ್ಯದಲ್ಲಿ ಅಧಿಕಾರ ಕಾಂಗ್ರೆಸ್‌ನದು, ಜೊತೆಗೆ ಅನುಕಂಪ ಬೇರೆ. ಆದರೂ ಗೆದ್ದವರು ಬಿಜೆಪಿಯ ಕೆ.ಶಿವನಗೌಡ ನಾಯಕ.

ಅಂದಿನಿಂದ ನನಗೊಂದು ಪ್ರಶ್ನೆ ಕಾಡುತ್ತಿದೆ. ಹೀಗೆ ಮೊದಲೇ ಬರುವ ಗೆಲುವು, ಎಲ್ಲ ಬಗೆಯ ಮತದಾರರು ಒಂದು ಪಕ್ಷದ ಕಡೆ ಬರುತ್ತಿದ್ದಾರೆ ಎಂಬುದರ ಗುರುತೇ?

ಅಮೆರಿಕದಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇದೆ. ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ರಾಜ್ಯ ರಾಜ್ಯಗಳಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ರಿಪಬ್ಲಿಕನ್ನರಲ್ಲಿ ಮೊದಲ ಸರದಿ ಅಯೋವಾ ರಾಜ್ಯದ್ದು. ಅಲ್ಲಿ 2008ರಲ್ಲಿ ಮೈಕ್ ಹಕಬಿ, 2012ರಲ್ಲಿ ರಿಕ್ ಸ್ಯಾಂಟೋರಮ್, 2016ರಲ್ಲಿ ಟೆಡ್ ಕ್ರೂಜ್ ಗೆದ್ದರು. ಮೂವರೂ ಸಂಪ್ರದಾಯವಾದಿಗಳ ಮೆಚ್ಚಿನವರು, ಮೂವರಿಗೂ ಕೊನೆಗೆ ಟಿಕೆಟ್ ಸಿಗಲಿಲ್ಲ. 2024ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಅಲ್ಲಿ ಶೇ 51ರಷ್ಟು ಮತ ಪಡೆದು ಗೆದ್ದರು, ನವೆಂಬರ್‌ನಲ್ಲಿ ದೇಶವನ್ನೂ ಗೆದ್ದರು. ಅಯೋವಾ ತೋರಿಸುವುದು ನಿಷ್ಠರ ಬಿಸಿಯನ್ನು ಮಾತ್ರ. ಉಳಿದವರ ಮನಸ್ಸು ತಿಳಿಯಲು ಕಾಯಬೇಕು.

ನಮ್ಮಲ್ಲಿ ಟಿಕೆಟ್ ಬೆಂಗಳೂರು, ದೆಹಲಿಯಿಂದ ಬರುತ್ತದೆ. ಹಾಗಾಗಿ ಗಾಳಿ ಯಾವ ಕಡೆ ಎಂದು ಮೊದಲು ನೋಡುವುದು ಉಪಚುನಾವಣೆಯಲ್ಲೇ. ದೇವದುರ್ಗ ಎರಡು ಬಾರಿ ಆ ಕೆಲಸ ಮಾಡಿದೆ. 2008ರಲ್ಲಿ 110 ಸ್ಥಾನ ಗೆದ್ದ ಬಿಜೆಪಿಗೆ ಬಹುಮತಕ್ಕೆ ಮೂರು ಕಡಿಮೆ ಬಿದ್ದವು. ಆಗ ‘ಆಪರೇಷನ್ ಕಮಲ’ದಲ್ಲಿ ಜೆಡಿಎಸ್ ಬಿಟ್ಟು ಬಂದವರಲ್ಲಿ ಶಿವನಗೌಡ ನಾಯಕರೂ ಒಬ್ಬರು. ಆ ಡಿಸೆಂಬರ್‌ನಲ್ಲಿ ನಡೆದ ಎಂಟು ಉಪಚುನಾವಣೆಗಳಲ್ಲಿ ಬಿಜೆಪಿ ಐದು ಗೆದ್ದಿತು. ದೇವದುರ್ಗವೂ ಅದರಲ್ಲಿತ್ತು. ಮರುವರ್ಷ ರಾಯಚೂರು ಲೋಕಸಭಾ ಕ್ಷೇತ್ರವೂ ಅದರ ಪಾಲಾಯಿತು. ಇನ್ನು ಈ ಭಾಗ ಕಮಲದ್ದೇ ಎಂದು ನಮ್ಮ ಹೋಟೆಲ್ ಕಟ್ಟೆಯಲ್ಲೂ ಮಾತಾಗಿತ್ತಂತೆ. 2013ರಲ್ಲಿ ಕ್ಷೇತ್ರ ಕಾಂಗ್ರೆಸ್‌ಗೆ ಹೋಯಿತು. 2014ರ ಲೋಕಸಭೆಯಲ್ಲಿ ಶಿವನಗೌಡ ನಾಯಕ ಸೋತದ್ದು ಬರೀ 1,499 ಮತಗಳಿಂದ. 2016, 2018ರಲ್ಲಿ ಗೆಲುವು. 2023ರಲ್ಲಿ ಜೆಡಿಎಸ್‌ನ ಕರೆಮ್ಮ ಜಿ. ನಾಯಕ ಅವರೆದುರು 34 ಸಾವಿರಕ್ಕೂ ಹೆಚ್ಚು ಮತಗಳ ಸೋಲು. ಇಡೀ ರಾಜ್ಯದಲ್ಲಿ ಜೆಡಿಎಸ್‌ಗೆ ಸಿಕ್ಕಿದ್ದು 19 ಸ್ಥಾನ, ಅದರಲ್ಲಿ ನಮ್ಮದೂ ಒಂದು!

ಇಷ್ಟೊಂದು ಏರಿಳಿತ ಯಾಕೆ? ಕಾರಣ ಕ್ಷೇತ್ರದ ಸ್ವರೂಪದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. 2008ರಿಂದ ದೇವದುರ್ಗ ಪರಿಶಿಷ್ಟ ಪಂಗಡಕ್ಕೆ ಮೀಸಲು. ಮೂರೂ ಪಕ್ಷಗಳು ನಾಯಕ ಸಮುದಾಯದವರನ್ನೇ ನಿಲ್ಲಿಸುತ್ತವೆ. ಆ ಸಮುದಾಯದ ಮತ ಮೂರು ಪಾಲಾಗುತ್ತದೆ. ಲಿಂಗಾಯತರು, ಕುರುಬರು, ಮಾದಿಗರು, ಛಲವಾದಿಗಳು, ಮುಸ್ಲಿಮರು, ತಾಂಡಾದ ಲಂಬಾಣಿಗರು ಎತ್ತ ವಾಲುತ್ತಾರೋ ಅತ್ತ ಫಲಿತಾಂಶ. ಬೇರೆ ಕ್ಷೇತ್ರದಲ್ಲಿ ತನ್ನವರನ್ನು ಬಿಗಿಯಾಗಿ ಹಿಡಿದುಕೊಂಡರೂ ನಡೆದೀತು. ಇಲ್ಲಿ ನಡೆಯುವುದಿಲ್ಲ.

ಬೊಮ್ಮಾಯಿ ಸರ್ಕಾರ 2022ರಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ 3ರಿಂದ 7ಕ್ಕೆ ಏರಿಸಿತು. ಬಹುದಿನದ ಬೇಡಿಕೆ, ನ್ಯಾಯವಾದದ್ದೇ. ಆದರೆ ಮರುವರ್ಷ ರಾಜ್ಯದ 15 ಎಸ್‌ಟಿ ಮೀಸಲು ಕ್ಷೇತ್ರಗಳಲ್ಲಿ ಬಿಜೆಪಿ ಒಂದನ್ನೂ ಗೆಲ್ಲಲಿಲ್ಲ. ಹದಿನಾಲ್ಕು ಕಾಂಗ್ರೆಸ್‌ಗೆ, ಉಳಿದ ಒಂದು ದೇವದುರ್ಗ. ಮೀಸಲಾತಿ ಒಂದು ಸಮುದಾಯದ ಜೊತೆ ಆಡಿದ ಮಾತು. ಅಲ್ಲಿ ಸೋಲು ಗೆಲುವು ತೀರ್ಮಾನಿಸುವ ಉಳಿದವರ ಜೊತೆ ಯಾರು ಮಾತಾಡಿದರು?

ಉಪಚುನಾವಣೆಯಲ್ಲಿ ಈ ಕೊರತೆ ಕಾಣಿಸುವುದಿಲ್ಲ. ಇಡೀ ಪಕ್ಷ ಒಂದೇ ತಾಲ್ಲೂಕಿನಲ್ಲಿ ಬೀಡುಬಿಟ್ಟಿರುತ್ತದೆ. ದೊಡ್ಡ ನಾಯಕರು ಮನೆ ಬಾಗಿಲಿಗೆ ಬರುತ್ತಾರೆ. ಬೆಂಗಳೂರು, ಪುಣೆಗೆ ಗುಳೆ ಹೋದವರನ್ನು ವಾಹನ ಮಾಡಿ ಕರೆತರುತ್ತಾರೆ. ಅವರು ಆ ದಿನ ಬಂದರು, ಮತ ಹಾಕಿದರು ಎಂದಮಾತ್ರಕ್ಕೆ ಪಕ್ಷ ಅವರನ್ನು ತಲುಪಿತು ಎನ್ನಲಾಗದು.

2023ರ ಮೇ 10ರಂದು ವಿಧಾನಸಭೆಗೆ ನನ್ನ ಮೊದಲ ಮತ. ಯಾರಿಗೆಂದು ಹೇಳುವುದಿಲ್ಲ, ಮನೆಯಲ್ಲೂ ಹೇಳಿಲ್ಲ. ಸರದಿಯಲ್ಲಿ ನನ್ನ ಮುಂದೆ ನಿಂತಿದ್ದ ನಮ್ಮ ಓಣಿಯ ಮಾವ ಒಬ್ಬರು 2016ರಲ್ಲಿ ಕಮಲದ ಬಾವುಟ ಹಿಡಿದು ಓಡಾಡಿದವರು. ಈ ಸಲ ಏನು ಎಂದು ಕೇಳಿದೆ. ‘ಆಗ ಎಲ್ಲಾರೂ ಬಂದಿದ್ರು ತಮ್ಮಾ. ಆಮ್ಯಾಲ ಕಾಲುವಿ ಕಡೀಗೆ ನೀರು ಬರ್ಲಿಲ್ಲ ಅಂತ ಹೇಳಾಕ ಹೋದ್ರ ಯಾರೂ ಸಿಗ್ಲಿಲ್ಲ’ ಎಂದರು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕೊನೆಯ ಹೊಲಕ್ಕೆ ಬಾರದಿರುವುದು ಒಂದೇ ಪಕ್ಷದ ಕಾಲದ ಕಥೆಯಲ್ಲ, ನಿಜ. ಆದರೆ ಎಂದೂ ಯಾವ ಪಕ್ಷಕ್ಕೂ ಸೇರದವರು ಮತ್ತೊಮ್ಮೆ ಬರುತ್ತಾರೋ ಇಲ್ಲವೋ ಎಂಬುದು ಇಂಥ ಮಾತಿನಲ್ಲೇ ಇರುತ್ತದೆ.

ಫಲಿತಾಂಶ ಬಂದು ನಾಲ್ಕೇ ತಿಂಗಳಿಗೆ ಜೆಡಿಎಸ್ ಮತ್ತು ಬಿಜೆಪಿ ಒಂದಾದವು. ಇಲ್ಲಿ ಗೆದ್ದವರು, ಸೋತವರು ಈಗ ಒಂದೇ ಮೈತ್ರಿಕೂಟದವರು. ಎರಡೂ ಮತಗಳನ್ನು ಕೂಡಿಸಿದರೆ ಯಾರೂ ಎದುರಿಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. 2024ರಲ್ಲಿ ಒಟ್ಟಿಗೆ ನಿಂತರೂ ರಾಯಚೂರು ಲೋಕಸಭೆ ಕಾಂಗ್ರೆಸ್‌ನ ಜಿ.ಕುಮಾರ ನಾಯಕ ಅವರ ಪಾಲಾಯಿತು. ಮುಂದಿನ ವಿಧಾನಸಭೆಗೆ ದೇವದುರ್ಗದ ಟಿಕೆಟ್ ಈ ಇಬ್ಬರಲ್ಲಿ ಯಾರಿಗೆ? ಕಟ್ಟೆಯ ಮೇಲೆ ಈಗಲೇ ಪಂದ್ಯ ಶುರುವಾಗಿದೆ. ಮಾವ ಮಾತ್ರ ಈ ವರ್ಷ ಹತ್ತಿ ಹಾಕುವುದೋ ಮೆಣಸಿನಕಾಯಿಯೋ ಎಂಬ ಲೆಕ್ಕದಲ್ಲಿದ್ದಾರೆ.