ದಶಮಾಂಶ ಗುಣಾಕಾರವೂ ನಮ್ಮ ಹೆಣ್ಣುಮಕ್ಕಳೂ

ದಶಮಾಂಶ ಸಂಖ್ಯೆಗಳ ಗುಣಾಕಾರವನ್ನು ಬಾಯಿಪಾಠದ ಸೂತ್ರವಾಗಿ ಕಲಿಸುವ ವಾಡಿಕೆಯು ಅನೇಕ ಶಾಲೆಗಳಲ್ಲಿ ಉಂಟು. ಬಿಂದುವನ್ನು ಬದಿಗಿಟ್ಟು ಗುಣಿಸು. ಗುಣ್ಯ ಗುಣಕಗಳೆರಡರಲ್ಲಿಯೂ ಬಿಂದುವಿನ ಬಲಕ್ಕಿರುವ ಅಂಕೆಗಳನ್ನು ಎಣಿಸು. ಗುಣಲಬ್ಧದಲ್ಲಿ ಬಲಗಡೆಯಿಂದ ಅಷ್ಟೇ ಸ್ಥಾನಗಳನ್ನು ಬಿಟ್ಟು ಬಿಂದುವನ್ನಿಡು. ಸೂತ್ರವು ಸರಿಯಾದದ್ದೇ. ಆದರೆ ಕಾರಣವನ್ನರಿಯದೆ ಕಲಿತ ಸೂತ್ರವು ಬಹುಕಾಲ ನಿಲ್ಲದೆಂಬದು ನನ್ನ ದೃಢವಾದ ಅಭಿಪ್ರಾಯ.

0.3 ನ್ನು 0.2 ರಿಂದ ಗುಣಿಸೆಂದರೆ ಹಲವು ಬಾಲಿಕೆಯರು 0.6 ಎಂದು ಬರೆಯುವರು. ಗುಣಿಸಿದರೆ ಸಂಖ್ಯೆಯು ಹೆಚ್ಚಲೇಬೇಕೆಂಬ ಭಾವನೆಯು ಅವರಲ್ಲಿ ಬೇರೂರಿರುವದೇ ಇದಕ್ಕೆ ಕಾರಣ. ಒಂದು ಚೌಕವನ್ನು ಅಡ್ಡಲಾಗಿ ಹತ್ತು, ಉದ್ದಕ್ಕೆ ಹತ್ತು ಪಾಲು ಮಾಡಿಸಿರಿ, ನೂರು ಮನೆಗಳಾಗುವವು. ಮೂರು ಅಡ್ಡಸಾಲುಗಳೂ ಎರಡು ಉದ್ದಸಾಲುಗಳೂ ಕೂಡುವಲ್ಲಿ ಆರು ಮನೆಗಳು ಮಾತ್ರ ಇರುವವು. ನೂರರಲ್ಲಿ ಆರು, ಅಂದರೆ 0.06. ಹತ್ತನೆಯ ಪಾಲಿನ ಹತ್ತನೆಯ ಪಾಲು ನೂರನೆಯ ಪಾಲೆಂಬದನ್ನು ಕಣ್ಣಾರೆ ಕಂಡ ಬಾಲಿಕೆಗೆ, ಸ್ಥಾನಗಳನ್ನು ಏಕೆ ಕೂಡಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ. 0.25 ನ್ನು 0.4 ರಿಂದ ಗುಣಿಸಿದಾಗ ಬರುವ 100 ರ ಸೊನ್ನೆಗಳನ್ನು ಮೊದಲೇ ಅಳಿಸಿ 0.001 ಎಂದು ಬರೆಯುವ ತಪ್ಪೂ ಅವಳಿಂದಾಗದು. ಮೂರು ಸ್ಥಾನ ಎಣಿಸಿ 0.100 ಎಂದು ಬರೆದು, ಆ ಮೇಲೆ 0.1 ಎನ್ನುವಳು.

ಎರಡನೆಯದಾಗಿ, ಗುಣಿಸುವದಕ್ಕೆ ಮುಂಚೆ ಅಂದಾಜು ಮಾಡುವ ಅಭ್ಯಾಸವು ಬೇಕು. ಮೀಟರಿಗೆ 64.50 ರೂಪಾಯಿಯಂತೆ 2.75 ಮೀಟರ್ ಬಟ್ಟೆಯ ಬೆಲೆಯು ಮೂರು ಅರುವತ್ತು, ಸುಮಾರು 180 ರೂಪಾಯಿ. ಲೆಕ್ಕದಲ್ಲಿ 177.375 ಬಂದರೆ ಒಪ್ಪತಕ್ಕದ್ದು; 17.73 ಅಥವಾ 1773 ಬಂದರೆ ಬಿಂದುವು ದಾರಿ ತಪ್ಪಿದೆಯೆಂದು ತಿಳಿಯತಕ್ಕದ್ದು.

ನಮ್ಮ ಅಜ್ಜಿಯರಿಗೆ ಈ ವಿದ್ಯೆಯು ಪೇಟೆಯಲ್ಲಿ ಅಷ್ಟಾಗಿ ಬೇಕಾಗಿರಲಿಲ್ಲ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 1957 ನೆಯ ಇಸವಿ ಏಪ್ರಿಲ್ 1 ರಿಂದ ರೂಪಾಯಿಗೆ 100 ಪೈಸೆಯಾಯಿತು. ತರುವಾಯ ಸೇರು ಗಜಗಳ ಸ್ಥಾನಕ್ಕೆ ಕಿಲೋಗ್ರಾಂ ಮೀಟರುಗಳು ಬಂದವು. ಅಂದಿನಿಂದ ದಶಮಾಂಶವು ಪ್ರತಿ ಮನೆಯ ಅಡಿಗೆಕೋಣೆಯನ್ನು ಹೊಕ್ಕಿದೆ.

ಲೆಕ್ಕ ಮಾಡುವ ಯಂತ್ರವು ಕೈಯಲ್ಲೇ ಇರುವಾಗ ಈ ಶ್ರಮವೇಕೆಂದು ಕೆಲವು ತಂದೆತಾಯಿಗಳು ಕೇಳುವರು. ಯಂತ್ರವು ನಾವು ಒತ್ತಿದ್ದನ್ನು ಗುಣಿಸುವದೇ ಹೊರತು, ನಾವು ಒತ್ತಬೇಕಾಗಿದ್ದನ್ನಲ್ಲ. ದಾದಿಯರ ಕೆಲಸವನ್ನು ಕೈಕೊಂಡಿರುವ ಪೂರ್ವವಿದ್ಯಾರ್ಥಿನಿಯರು ಇದರ ಭಾರವನ್ನು ಬಲ್ಲರು. ಕಿಲೋಗ್ರಾಮಿಗೆ 0.2 ಮಿಲಿಗ್ರಾಂ ಕೊಡಬೇಕಾದ ಔಷಧವು 12.5 ಕಿಲೋಗ್ರಾಂ ತೂಕದ ಮಗುವಿಗೆ 2.5 ಮಿಲಿಗ್ರಾಂ. ಬಿಂದುವೊಂದು ಸರಿದು 25 ಆದರೆ ಔಷಧವೇ ವಿಷವಾದೀತು. ಹನ್ನೆರಡೂವರೆಯ ಐದನೆಯ ಒಂದು ಪಾಲು ಇಪ್ಪತ್ತೈದಾಗಲಾರದೆಂದು ಥಟ್ಟನೆ ತೋರುವ ಬುದ್ಧಿಯೇ ಆ ಮಗುವಿಗೆ ಕಾವಲು.

ಆದಕಾರಣ ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೇ: ಮಗಳು ಲೆಕ್ಕ ಮುಗಿಸಿದಾಗ ಉತ್ತರವೆಷ್ಟೆಂದು ಮಾತ್ರ ಕೇಳದೆ, ಅಷ್ಟೇ ಏಕೆ ಬರಬೇಕೆಂದೂ ಕೇಳಿರಿ. ಪೇಟೆಗೆ ಹೋದಾಗ ಅವಳಿಂದಲೇ ಅಂದಾಜು ಹೇಳಿಸಿರಿ. ಜ್ಞಾನೋಕ್ತಿಗಳ ಗ್ರಂಥವು ಮೋಸದ ತಕ್ಕಡಿಯನ್ನು ಖಂಡಿಸುತ್ತದೆ. ತಕ್ಕಡಿಯ ಸತ್ಯವನ್ನು ಪರೀಕ್ಷಿಸಬಲ್ಲ ಹೆಣ್ಣುಮಕ್ಕಳನ್ನು ಸಿದ್ಧಪಡಿಸುವದು ಶಾಲೆಯೂ ಮನೆಯೂ ಕೂಡಿ ಮಾಡತಕ್ಕ ಸೇವೆ.