ಮಾತ್ರೆ ನನಗೊಬ್ಬಳಿಗೇ ಯಾಕೆ?

ಒಂದೇ ವರ್ಷದಲ್ಲಿ ಮೂರನೇ ಸಲ. ಅದೇ ಬಿಳಿ ಹೋಗೋದು, ಅದೇ ಮೀನಿನಂಥ ವಾಸನೆ. ಡಾಕ್ಟರ್ ಕೊಟ್ಟ ಏಳು ದಿನದ ಮಾತ್ರೆ ಮುಗಿಸಿದರೆ ಕಡಿಮೆಯಾಗುತ್ತೆ, ಎರಡು ತಿಂಗಳಲ್ಲಿ ಮತ್ತೆ ಹಾಜರ್. ಅಮ್ಮನಿಗೆ ಫೋನ್ ಮಾಡಿದರೆ, "ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಉಷ್ಣ ಆಗಿದೆ ಕಣೇ, ಎಳನೀರು ಕುಡಿ" ಅಂದರು. ಎಳನೀರೂ ಕುಡಿದೆ, ಜಾಹೀರಾತಿನಲ್ಲಿ ಬರುವ ಪರಿಮಳದ ವಾಶ್ ಕೂಡ ತಂದೆ. ಆಫೀಸಿನ ಮೀಟಿಂಗ್ ರೂಮಿನಲ್ಲಿ ಪಕ್ಕದವರಿಗೆ ಗೊತ್ತಾಗುತ್ತೇನೋ ಅಂತ ಕುರ್ಚಿ ದೂರ ಎಳೆದುಕೊಂಡು ಕೂರುತ್ತಿದ್ದೆ. ನಾನೇ ಸ್ವಚ್ಛವಾಗಿಲ್ಲವೇನೋ ಅನ್ನೋ ಅಳುಕು ಮಾತ್ರ ಯಾವ ಸೋಪಿಗೂ ಹೋಗಲಿಲ್ಲ.

ಇದರ ಹೆಸರು ಬ್ಯಾಕ್ಟೀರಿಯಲ್ ವಜೈನೋಸಿಸ್, ಚಿಕ್ಕದಾಗಿ ಬಿವಿ. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಇರುತ್ತೆ. ಯೋನಿಯಲ್ಲಿ ಸಾಮಾನ್ಯವಾಗಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳದ್ದೇ ರಾಜ್ಯ. ಮೊಸರು ಹೆಪ್ಪುಗಟ್ಟಿಸುವವುಗಳ ನೆಂಟರು ಇವರು. ಲ್ಯಾಕ್ಟಿಕ್ ಆಮ್ಲ ತಯಾರಿಸಿ ಅಲ್ಲಿನ ಪಿಎಚ್ ಅನ್ನು 4.5ಕ್ಕಿಂತ ಕಡಿಮೆ ಇಡುತ್ತವೆ; ಆ ಹುಳಿಯಲ್ಲಿ ಬೇರೆಯವು ಬೆಳೆಯೋದು ಕಷ್ಟ. ಇವು ಕಡಿಮೆಯಾದಾಗ ಗಾರ್ಡ್ನೆರೆಲ್ಲಾದಂಥವು ತುಂಬಿಕೊಳ್ಳುತ್ತವೆ. ಒಳಗೆಲ್ಲ ತೊಳೆಯೋದರಿಂದ ಈ ಸಮತೋಲನ ಇನ್ನಷ್ಟು ಕೆಡುತ್ತೆ. ಅಂದರೆ ನನ್ನ ಪರಿಮಳದ ವಾಶ್ ದುಡ್ಡು ದಂಡ.

ವಾಸನೆ ತಾನೇ ಅಂತ ಬಿಡೋ ಹಾಗೂ ಇಲ್ಲ. ಬಿವಿ ಇದ್ದಾಗ ಎಚ್‌ಐವಿ ಮತ್ತು ಇತರ ಲೈಂಗಿಕ ಸೋಂಕುಗಳು ತಗಲುವ ಅಪಾಯ ಹೆಚ್ಚು. ಬಸುರಿಯರಲ್ಲಿ ಅವಧಿಗೆ ಮುಂಚಿನ ಹೆರಿಗೆಗೂ ಇದಕ್ಕೂ ನಂಟಿದೆ.

ಹಾಗಾದರೆ ಮತ್ತೆ ಮತ್ತೆ ಯಾಕೆ ಬರುತ್ತೆ? ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯ ಮತ್ತು ಮೆಲ್ಬರ್ನ್ ಸೆಕ್ಷುಯಲ್ ಹೆಲ್ತ್ ಸೆಂಟರ್‌ನ ಕ್ಯಾಟ್ರಿಯೋನಾ ಬ್ರ್ಯಾಡ್‌ಶಾ ಹಲವಾರು ವರ್ಷಗಳಿಂದ ಕೆದಕುತ್ತಿರೋದು ಇದನ್ನೇ. ಬಿವಿಯ ಬ್ಯಾಕ್ಟೀರಿಯಾಗಳು ಗಂಡಸರ ಶಿಶ್ನದ ಚರ್ಮದ ಮೇಲೆ ಮತ್ತು ಮೂತ್ರನಾಳದಲ್ಲೂ ಇರುತ್ತವೆ. ಅವರಿಗೆ ಸಾಮಾನ್ಯವಾಗಿ ಏನೂ ಗೊತ್ತಾಗಲ್ಲ. ಹಿಂದೆ ಗಂಡಸರಿಗೆ ಬರೀ ಮಾತ್ರೆ ಕೊಟ್ಟು ನೋಡಿದ್ದರು, ಪ್ರಯೋಜನ ಆಗಿರಲಿಲ್ಲ. ಬ್ರ್ಯಾಡ್‌ಶಾ, ಲೆಂಕಾ ವೋಡ್‌ಸ್ಟರ್ಸಿಲ್ ಮತ್ತವರ ತಂಡ ಮಾತ್ರೆಯ ಜೊತೆಗೆ ಹಚ್ಚಿಕೊಳ್ಳೋಕೆ ಕ್ರೀಮನ್ನೂ ಕೊಟ್ಟಿತು, ಒಂದು ವಾರ.

ಪ್ರಯೋಗದಲ್ಲಿದ್ದದ್ದು 164 ಜೋಡಿಗಳು. ಹೆಂಗಸರಿಗೆ ಎಲ್ಲರಿಗೂ ಚಿಕಿತ್ಸೆ. ಅರ್ಧದಷ್ಟು ಜೋಡಿಗಳಲ್ಲಿ ಗಂಡಸರಿಗೂ. ಹೆಂಗಸರಿಗೆ ಮಾತ್ರ ಔಷಧಿ ಕೊಟ್ಟ ಗುಂಪಿನಲ್ಲಿ 12 ವಾರದೊಳಗೆ ಶೇ. 63 ಮಂದಿಗೆ ಬಿವಿ ಮರಳಿತು. ಇಬ್ಬರಿಗೂ ಕೊಟ್ಟ ಗುಂಪಿನಲ್ಲಿ ಶೇ. 35. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 2025ರ ಮಾರ್ಚ್‌ನಲ್ಲಿ ಇದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು.

ಓದಿದಾಗ ನಮ್ಮ ಟೀಮಿನ ಹಳೇ ಕಥೆ ನೆನಪಾಯ್ತು. ಡೇಟಾ ಹಂಚಿಕೊಳ್ಳುವ ಎರಡು ಸರ್ವರ್‌ಗಳಲ್ಲಿ ಒಂದನ್ನು ಮಾತ್ರ ಸರಿ ಮಾಡಿ, ತಪ್ಪು ಡೇಟಾ ಮತ್ತೆ ಎಲ್ಲಿಂದ ಬಂತು ಅಂತ ರಾತ್ರಿಯೆಲ್ಲ ಹುಡುಕಿದ್ದೆವು.

ಮನೆಯಲ್ಲಿ ಹೇಳೋದು ಮಾತ್ರ ಅಷ್ಟು ಸುಲಭ ಇರಲಿಲ್ಲ. "ನನಗೇನೂ ಆಗಿಲ್ವಲ್ಲ?" ಅಂದರು ಇವರು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಮೇಲೆ ಅನುಮಾನಾನಾ?" ಅಂತ ಮೆಲ್ಲಗೆ ಕೇಳಿದರು. ಅನುಮಾನದ ಮಾತೇ ಇಲ್ಲ. ಆ ಪ್ರಯೋಗದಲ್ಲಿದ್ದ ಜೋಡಿಗಳೂ ನಮ್ಮ ಹಾಗೇ ಪರಸ್ಪರ ನಿಷ್ಠರಾಗಿದ್ದವರೇ ಅಂದೆ. ಫೋನ್ ಕೊಟ್ಟೆ, ಪೂರ್ತಿ ಓದಿದರು. "ಶನಿವಾರ ನಾನೂ ಬರ್ತೀನಿ" ಅಂದರು.

ಡಾಕ್ಟರ್ ಪರೀಕ್ಷೆ ಮಾಡಿ, ಇಬ್ಬರನ್ನೂ ಕೂರಿಸಿ ಮಾತಾಡಿ, ಈ ಸಲ ಎರಡು ಚೀಟಿ ಬರೆದರು. ನಾಲ್ಕು ತಿಂಗಳಾಯ್ತು, ಮರಳಿಲ್ಲ. ಇನ್ನು ಬರೋದೇ ಇಲ್ಲ ಅಂತ ಹೇಳಲಾರೆ; ಶೇ. 35 ಕೂಡ ಸಣ್ಣ ಸಂಖ್ಯೆಯಲ್ಲ.

ನಿಮಗೂ ಹೀಗೇ ಮರುಕಳಿಸುತ್ತಿದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ನೀವೇ ಮಾತ್ರೆ ನುಂಗಬೇಡಿ. ಫಂಗಸ್ ಸೋಂಕಿನಲ್ಲೂ ಬಿಳಿ ಹೋಗುತ್ತೆ, ಅದರ ಔಷಧಿಯೇ ಬೇರೆ. ಪರೀಕ್ಷೆ ಮಾಡಿಸಿ. ಬಿವಿ ಅಂತಾದರೆ, "ನಮ್ಮೆಜಮಾನರಿಗೂ ಔಷಧಿ ಬೇಕಾ?" ಅಂತ ಕೇಳಿ. ಆ ಪ್ರಶ್ನೆ ಕೇಳೋಕೆ ನನಗೆ ಒಂದು ವರ್ಷ ಹಿಡೀತು.