ನಿಲ್ಲುವಾಗಿನ ನಡುಕ

ತೇರಿನ ದಿನ ಹಗ್ಗಕ್ಕೆ ಕೈ ಹಚ್ಚುವವರು ನೂರಾರು ಮಂದಿ. ಗಾಲಿಯ ಮಗ್ಗುಲಲ್ಲಿ ಮರದ ದಿಮ್ಮಿ ಹಿಡಿದು ನಡೆಯುವವರು ನಾಲ್ಕೈದು ಮಂದಿ ಮಾತ್ರ. ನೋಡುವವರ ಕಣ್ಣೆಲ್ಲ ಕಳಶದ ಮೇಲೆ. ಆದರೂ ತೇರು ಜನರ ಮೇಲೆ ಹಾಯದೆ ನೆಲೆ ಸೇರುವುದು ಆ ನಾಲ್ಕೈದು ಮಂದಿಯ ಎಚ್ಚರದಿಂದ. ಮನೆಯ ಮುಂದೆ ನಿಂತಿರುವ ಕಾರಿಗೂ ಈ ಮಾತು ಸಲ್ಲುತ್ತದೆ. ಕೊಳ್ಳುವಾಗ ಅದು ಎಷ್ಟು ವೇಗವಾಗಿ ಓಡುತ್ತದೆ, ಲೀಟರಿಗೆ ಎಷ್ಟು ದೂರ ಹೋಗುತ್ತದೆ ಎಂದೆಲ್ಲ ವಿಚಾರಿಸುತ್ತೇವೆ. ಅದು ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಹೊಳೆಯುವುದು, ಬ್ರೇಕು ಒತ್ತಿದೊಡನೆ ಗಾಡಿ ಗಡಗಡನೆ ನಡುಗಿದ ದಿನ.

ಬಸವನಗುಡಿಯಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರಿದ್ದಾರೆ. ವಾರಕ್ಕೊಮ್ಮೆ ಮಗಳ ಮನೆಗೆಂದು ಮೈಸೂರಿಗೆ ತಾವೇ ಕಾರು ನಡೆಸಿಕೊಂಡು ಹೋಗಿಬರುವವರು. ಅವರ ಕಾರಿಗೆ ಈ ವ್ಯಾಧಿ ತಗುಲಿತು. ಮೆಕ್ಯಾನಿಕ್ಕು ಒಂದು ಸುತ್ತು ಓಡಿಸಿ ನೋಡಿ, “ಡಿಸ್ಕು ಬೆಂಡಾಗಿದೆ ಸ್ವಾಮಿ, ಬದಲಾಯಿಸದೆ ಗತಿಯಿಲ್ಲ” ಎಂದ. ಬದಲಾಯಿಸಿದ್ದಾಯಿತು, ನಡುಕ ನಿಂತಿತು. ಆರು ತಿಂಗಳು ಕಳೆಯುವುದರೊಳಗೆ ಅದೇ ನಡುಕ ಮರಳಿ ಬಂದಿತು. ಅದೇ ಉತ್ತರವೂ ಬಂದಿತು. ಈ ಬಾರಿ ರಾಯರು ಒಪ್ಪದೆ, ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಹಿಂದಿನ ಓಣಿಯಲ್ಲಿದ್ದ ವಯಸ್ಸಾದ ಮೆಕ್ಯಾನಿಕ್ಕೊಬ್ಬರ ಬಳಿಗೆ ಹೋದರು. ಅವರು ಡಿಸ್ಕನ್ನು ಕಳಚಿ ಪಕ್ಕಕ್ಕಿಟ್ಟು, ಅದು ಕುಳಿತಿದ್ದ ಹಬ್ಬಿನ ಮುಖವನ್ನು ಬೆರಳಿನಿಂದ ಸವರಿದರು. ಅಲ್ಲಿ ತುಕ್ಕಿನ ಹೊಪ್ಪಳೆ ಕಟ್ಟಿತ್ತು. ಹೊಸ ಡಿಸ್ಕನ್ನು ಯಾರೋ ಆ ತುಕ್ಕಿನ ಮೇಲೆಯೇ ಕೂರಿಸಿಬಿಟ್ಟಿದ್ದರು. ತುಕ್ಕನ್ನು ಉಜ್ಜಿ ತೆಗೆದು, ಡಿಸ್ಕನ್ನು ಲೇತಿನಲ್ಲಿ ಹದಮಾಡಿ, ನಟ್ಟುಗಳನ್ನು ಅಳತೆಯಿಂದ ಬಿಗಿದ ಮೇಲೆ ನಡುಕ ತಿರುಗಿ ಬಂದಿಲ್ಲ.

ಬೆಂಡಾಗಿದೆ ಎಂಬುದು ರೂಢಿಯ ಮಾತು. ಬೀಡುಕಬ್ಬಿಣದ ಡಿಸ್ಕು ಹಪ್ಪಳದಂತೆ ಸೊಟ್ಟಗಾಗುವುದು ಅಪರೂಪ. ಅದು ಓರೆಯಾಗಿ ಕುಳಿತರೆ, ಪ್ರತಿ ಸುತ್ತಿನಲ್ಲಿಯೂ ಒಂದೇ ಜಾಗ ಪ್ಯಾಡಿಗೆ ತಾಗಿ ಸವೆಯುತ್ತದೆ. ಕ್ರಮೇಣ ದಪ್ಪದಲ್ಲಿ ಹೆಚ್ಚುಕಡಿಮೆ ಉಂಟಾಗುತ್ತದೆ. ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು ವ್ಯತ್ಯಾಸ, ಎಂದರೆ ತಲೆಗೂದಲಿನ ಗಾತ್ರಕ್ಕಿಂತಲೂ ಕಡಿಮೆ, ನಡುಕ ಹುಟ್ಟಿಸಲು ಸಾಕು. ಇಂಥದ್ದು ಕಣ್ಣಿಗೆ ಕಾಣುವುದಿಲ್ಲ. ಡಯಲ್ ಗೇಜು, ಮೈಕ್ರೋಮೀಟರುಗಳಿಂದ ಅಳೆಯದೆ ‘ಬೆಂಡು’ ಎಂದು ತೀರ್ಪು ಕೊಡುವವನು ಊಹೆಗೆ ಹಣ ಕೇಳುತ್ತಿದ್ದಾನೆ ಎಂದೇ ತಿಳಿಯಬೇಕು.

ನಾಡಿ ಹಿಡಿಯುವ ಮುನ್ನ ವೈದ್ಯರು ನಾಲ್ಕು ಪ್ರಶ್ನೆ ಕೇಳುವುದಿಲ್ಲವೆ? ಕಾರಿನ ಯಜಮಾನರೂ ಅಂಥ ನಾಲ್ಕು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಬೇಕು.

ಮೊದಲನೆಯದು: ಬ್ರೇಕು ಒತ್ತದಿರುವಾಗಲೂ ನಡುಗುತ್ತದೆಯೆ? ಹಾಗಿದ್ದರೆ ಮೊದಲು ಟೈರುಗಳ ಸಮತೂಕವನ್ನೂ ರಿಮ್ಮುಗಳನ್ನೂ ನೋಡಿಸಬೇಕು.

ಎರಡನೆಯದು: ನಡುಕ ಎಲ್ಲಿ ತಿಳಿಯುತ್ತದೆ? ಸ್ಟಿಯರಿಂಗ್ ಚಕ್ರ ಕೈಯಲ್ಲಿ ಅದುರಿದರೆ ದೋಷ ಸಾಮಾನ್ಯವಾಗಿ ಮುಂದಿನ ಗಾಲಿಗಳಲ್ಲಿ. ಆಸನವೂ ಅಡಿಯ ಹಲಗೆಯೂ ಅದುರಿದರೆ ಹಿಂದಿನವುಗಳಲ್ಲಿ. ಹಿಂದುಗಡೆ ಡಿಸ್ಕಿನ ಬದಲು ಡ್ರಮ್ಮು ಇರುವ ಕಾರುಗಳು ಇಂದಿಗೂ ಬಹಳ. ಆ ಡ್ರಮ್ಮು ದುಂಡು ತಪ್ಪಿದರೂ ಇದೇ ಫಲ.

ಮೂರನೆಯದು: ವೇಗ ಇಳಿದಂತೆ ನಡುಕದ ತಾಳವೂ ಇಳಿಯುತ್ತದೆಯೆ? ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಣ್ಣ ಕಾರಿನ ಗಾಲಿ ಸೆಕೆಂಡಿಗೆ ಸುಮಾರು 12 ಸುತ್ತು ಸುತ್ತುತ್ತದೆ. ಡಿಸ್ಕಿನ ದೋಷವಾದರೆ ಗಾಲಿಯೊಡನೆ ಕೂಡಿಯೇ ಮಿಡಿಯುತ್ತದೆ, ಗಾಲಿ ನಿಧಾನವಾದಂತೆ ನಿಧಾನವಾಗುತ್ತದೆ. ಥಟ್ಟನೆ ಬಲವಾಗಿ ಒತ್ತಿದಾಗ ಮಾತ್ರ ಪೆಡಲು ಟಕಟಕನೆ ಪಾದವನ್ನು ಒದೆದರೆ, ಅದು ಗಾಲಿ ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯ ಕೆಲಸ. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಆಗ ಹೆದರಿ ಕಾಲು ತೆಗೆಯಬಾರದು, ಒತ್ತಿಯೇ ಹಿಡಿದಿರಬೇಕು.

ನಾಲ್ಕನೆಯದು: ನಡುಕ ಎಂದಿನಿಂದ ಬಂದಿತು? ಪಂಕ್ಚರ್ ಹಾಕಿಸಿ ಗಾಲಿ ತೊಡಿಸಿದ ತರುವಾಯ ಬಂದದ್ದಾದರೆ ನಟ್ಟುಗಳನ್ನು ಒಂದೇ ಕ್ರಮದಲ್ಲಿ ಬಿಗಿಯದಿರುವುದು ಕಾರಣವಾಗಿರಬಹುದು. ಎದುರುಬದುರಿನ ನಟ್ಟುಗಳನ್ನು ಒಂದಾದ ಮೇಲೊಂದರಂತೆ, ಕಾರಿನ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಬಿಗಿಯಬೇಕು. ಇನ್ನು ಮಲ್ಲೇಶ್ವರ, ಚಾಮರಾಜಪೇಟೆಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಪರದೇಶದಲ್ಲಿದ್ದು, ಕಾರು ತಿಂಗಳುಗಟ್ಟಲೆ ಮರದಡಿಯಲ್ಲಿ ಮಳೆಗೆ ನೆನೆಯುತ್ತ ನಿಂತಿರುತ್ತದೆ. ಹೀಗೆ ನಿಂತ ಕಾರಿನ ಡಿಸ್ಕಿಗೆ ತುಕ್ಕು ಹಿಡಿದು, ಪ್ಯಾಡು ಕಚ್ಚಿದ ಕಡೆ ಗುರುತು ಮೂಡುತ್ತದೆ. ನಾಲ್ಕಾರು ಬಾರಿ ಬ್ರೇಕು ಹಾಕಿದ ಮೇಲೆ ಕರಕರ ಶಬ್ದ ಹೋದರೆ ಚಿಂತೆಯಿಲ್ಲ. ನಡುಕ ಉಳಿದರೆ ತೋರಿಸಬೇಕು.

ನಂದಿಬೆಟ್ಟಕ್ಕೆ ಹೋಗುವವರಿಗೆ ಒಂದು ಮಾತು. ಬೆಟ್ಟದ ಎತ್ತರ 1478 ಮೀಟರ್; ಬುಡದಿಂದ ಲೆಕ್ಕ ಹಾಕಿದರೆ ಸುಮಾರು 500 ಮೀಟರಿಗೂ ಮೇಲೆ. ಜನರೂ ಸೇರಿ 1200 ಕಿಲೋಗ್ರಾಂ ತೂಗುವ ಕಾರು ಅಷ್ಟು ಇಳಿದಾಗ, ಆ ಭಾರವನ್ನೆಲ್ಲ ಬ್ರೇಕೇ ಹೊರಬೇಕಾಗಿ ಬಂದರೆ ಹುಟ್ಟುವ ಶಾಖ ಸುಮಾರು 17 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಸ್ನಾನದ ಒಲೆಯ ಕೆಲಸವನ್ನು ನಾಲ್ಕು ಗಾಲಿಗಳು ಮಾಡಿದಂತಾಯಿತು! ಆದ್ದರಿಂದ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಟ್ಟು ಇಳಿಯಬೇಕು. ಎಂಜಿನ್ನೇ ಹೊರೆಯ ಒಂದು ಭಾಗವನ್ನು ಹೊರುತ್ತದೆ. ಕಾದ ಡಿಸ್ಕಿನ ಮೇಲೆ ಪೆಡಲನ್ನು ಬಹುಹೊತ್ತು ಒತ್ತಿ ನಿಲ್ಲಿಸಿದರೆ ಪ್ಯಾಡಿನ ವಸ್ತು ಒಂದೆಡೆ ಅಂಟಿಕೊಂಡು, ಅದೇ ಮುಂದೆ ನಡುಕಕ್ಕೆ ಮೂಲವಾಗುವುದುಂಟು.

ನಡುಕವೊಂದೇ ಆದರೆ ನಿಧಾನವಾಗಿ ಗ್ಯಾರೇಜಿನವರೆಗೆ ನಡೆಸಿಕೊಂಡು ಹೋಗಬಹುದು. ಅದರೊಡನೆ ಕಾರು ಒಂದು ಪಕ್ಕಕ್ಕೆ ಎಳೆದರೆ, ಒಂದು ಗಾಲಿಯಿಂದ ಸುಟ್ಟ ವಾಸನೆ ಬಂದರೆ, ಪೆಡಲು ಮೆತ್ತಗೆ ಒಳಕ್ಕೆ ಕುಸಿದರೆ ಅಲ್ಲಿಯೇ ನಿಲ್ಲಿಸಿ ಬೇರೆ ವಾಹನದಲ್ಲಿ ಮನೆ ಸೇರುವುದು ವಿವೇಕ. ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುವುದು ವಾಡಿಕೆ. ಅದಕ್ಕಿಂತ ತೆಳುವಾಗಿದ್ದರೆ ಲೇತು ಹಿಡಿಸುವ ಮಾತೇ ಇಲ್ಲ, ಜೋಡಿಯಾಗಿ ಬದಲಾಯಿಸಲೇಬೇಕು. ಆದರೆ ಹಳೆಯದನ್ನು ತೆಗೆದಾಗ ಎದುರಿಗೇ ನಿಂತು, ಹಬ್ಬನ್ನು ಉಜ್ಜಿದರೆ ಎಂದು ನೋಡಿಕೊಳ್ಳಿ. ಮೇಲಿನ ನಾಲ್ಕು ಪ್ರಶ್ನೆಗಳಿಗೆ ನಿಮ್ಮ ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ, ಕಸುಬು ಬಲ್ಲ ಮೆಕ್ಯಾನಿಕ್ಕಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಾರದವನಿಗೆ ಅದಕ್ಕಿಂತ ದೊಡ್ಡ ತೊಡಕೂ ಇಲ್ಲ.